ಕಾಗದದ ಕೊನೆಯ ಸಾಲು

ವಿದಿಮೂರ್, ಸಾಮರ್ಸೆಟ್
ಸಂತ ಮಾರ್ಟಿನನ ಹಬ್ಬದ ಮರುದಿನ, 1547

ಮಗ ಆಂಬ್ರೋಸನಿಗೆ,

ಬರೆಯುವ ಕೈ ಡಿಗರಿ ಪಾದ್ರಿಗಳದು, ಮಾತು ನನ್ನದು. ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ನಡುವೆ ತಮ್ಮ ಲ್ಯಾಟಿನ್ ತುರುಕಬಾರದು ಎಂದು ಮೊದಲೇ ಮಾತು ತೆಗೆದುಕೊಂಡು ಕೂತಿದ್ದೇನೆ. ಅವರು ನಗುತ್ತಿದ್ದಾರೆ. ನಗಲಿ, ಈ ವರ್ಷ ಅವರು ನಕ್ಕದ್ದೇ ಕಡಿಮೆ.

ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದದ್ದೇ. ಜೇನುಗೂಡು ಒಂಬತ್ತಿದ್ದದ್ದು ಏಳಾಗಿವೆ. ಅದರಲ್ಲಿ ಎರಡು ಚರ್ಚಿನ ಹೆಸರಿಗೆ ಬಿಟ್ಟವು, ನಿನ್ನ ಅಪ್ಪನ ದೀಪಕ್ಕೆಂದು. ಆ ಮೇಣದ ದೀಪ ಎಂಟು ವರ್ಷ ಸಂತ ಕ್ಯಾಥರೀನಳ ಮುಂದೆ ಉರಿಯಿತು. ಕಳೆದ ತಿಂಗಳು ಕುದುರೆ ಮೇಲೆ ಬಂದವರು ಚರ್ಚಿನಲ್ಲಿ ನಿಂತು ದೊರೆಯ ಅಪ್ಪಣೆ ಓದಿದರು, ಇನ್ನು ಮುಂದೆ ಯಾವ ಸಂತರ ಮುಂದೆಯೂ ದೀಪ ಇಡಕೂಡದಂತೆ. ಚರ್ಚಿನ ಉಸ್ತುವಾರಿ ರಾಲ್ಫ್ ಕೋಟ್ ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಒಂದೊಂದನ್ನೇ ಆರಿಸಿದ. ನಿನ್ನ ಅಪ್ಪನದನ್ನು ಕೊನೆಗೆ ಇಟ್ಟುಕೊಂಡ. ಪಾಪ, ಅವನಿಗೂ ಅಪ್ಪ ಎಂದರೆ ಪ್ರೀತಿಯಿತ್ತು.

ಬಂದವರನ್ನು ನಾನು ಕೇಳಿದೆ. "ದೊರೆಗೆ ಎಷ್ಟು ವಯಸ್ಸಪ್ಪಾ?"

"ಹತ್ತು."

"ಹತ್ತು ವರ್ಷದ ಮಗೀಗೆ ಸತ್ತೋರ ಮೇಲೇನಪ್ಪಾ ಕೋಪ? ಅವರಪ್ಪ ಹೋಗಿ ಇನ್ನೂ ವರ್ಷ ತುಂಬಿಲ್ಲ. ಅದಕ್ಕೂ ಅಪ್ಪನ ಹೆಸರು ಓದಿಸ್ಬೇಕು ಅನ್ಸಲ್ವಾ?"

ರಾಲ್ಫ್ ನನ್ನ ತೋಳು ಹಿಡಿದು ಎಳೆದ. "ಸುಮ್ನಿರಿ ಟ್ಯಾಮ್ಸಿನಮ್ಮ, ಅದು ಮಗು ಬರ್ದಿದ್ದಲ್ಲ, ಸೋದರಮಾವ ಬರ್ಸಿದ್ದು." ಹಾಗಾದರೆ ಸರಿ. ಅಪ್ಪ ಸತ್ತ ಮನೆಯಲ್ಲಿ ಸೋದರಮಾವನ ಸೊಂಟಕ್ಕೆ ಬೀಗದ ಕೈ ಸೇರಿದರೆ ಏನೇನು ಆಗುತ್ತದೆಂದು ನನಗೆ ಗೊತ್ತಿಲ್ಲವೇ?

ಆದರೆ ಸತ್ತವರ ದಿನ ಡಿಗರಿ ಪಾದ್ರಿಗಳು ಬಾಗಿಲು ಹಾಕಿಕೊಂಡು ಹೆಸರಿನ ಸುರುಳಿ ಬಿಚ್ಚಿ ಓದಿಯೇ ಓದಿದರು. ಕಮ್ಮಾರ ಹ್ಯೂನ ಹೆಸರು ಆದ ಮೇಲೆ ನಾನು ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತೇನೆ, ಮುಂದಿನದು ನಮ್ಮದು ಎಂದು. "ಬಾಲ್ಡ್ವಿನ್ ಹೆಂಬ್ರೋನ ಆತ್ಮಕ್ಕಾಗಿ ಬೇಡಿಕೊಳ್ಳಿ." ಅಷ್ಟೇ ಮಾತು. ಅದು ಕಿವಿಗೆ ಬಿದ್ದರೆ ನನಗೆ ಇನ್ನೊಂದು ವರ್ಷ ಸಾಕು. ಪಾಪನಿವೇದನೆ ಇಲ್ಲದೆ, ಹಣೆಗೆ ಕೊನೆಯ ಎಣ್ಣೆ ಇಲ್ಲದೆ ಹೋದವನು ನಿನ್ನ ಅಪ್ಪ. ಶುದ್ಧಿಯ ಬೆಂಕಿಯಲ್ಲಿ ಅಂಥವರು ಬಹಳ ದಿನ ಇರಬೇಕಂತೆ. ಇಲ್ಲಿಂದ ಹೆಸರು ಹಿಡಿದು ಕೂಗಿದರೆ ಒಂದೊಂದೇ ದಿನ ಕಡಿಮೆಯಾಗುತ್ತದಂತೆ. ನೀನು ಆವತ್ತು ಪಾದ್ರಿಗಳನ್ನು ಕರೆತರಲು ಹೋಗಿ ನದಿ ದಾಟಲಾಗದೆ ನಿಂತದ್ದಕ್ಕೆ ನಿನ್ನ ತಪ್ಪೇನೂ ಇಲ್ಲ. ದೋಣಿ ಆಚೆ ದಡದಲ್ಲಿದ್ದರೆ ಯಾರು ತಾನೇ ಏನು ಮಾಡುತ್ತಾರೆ?

ಹೊಟ್ಟೆ ತುಂಬ ತಿನ್ನು. ಲಂಡನ್ನಿನ ಬ್ರೆಡ್ಡಿನಲ್ಲಿ ಸುಣ್ಣ ಬೆರೆಸುತ್ತಾರೆಂದು ಗಾಡಿಯ ಪರ್ಕಿನ್ ಹೇಳುತ್ತಾನೆ.

ನಿನ್ನ ಅಮ್ಮ
ಟ್ಯಾಮ್ಸಿನ್ ಹೆಂಬ್ರೋ (ಶಿಲುಬೆಯ ಗುರುತು ನನ್ನ ಕೈಯದೇ)


ಲಂಡನ್
ಜನವರಿ 9, 1548

ಅಮ್ಮನಿಗೆ,

ನಿನ್ನ ಕಾಗದ ಕ್ರಿಸ್‌ಮಸ್ಸಿಗೆ ಮೂರು ದಿನ ಮುಂಚೆ ಕೈ ಸೇರಿತು. ಪರ್ಕಿನ್ ಜೊತೆ ಕಳುಹಿಸಿದ ಜೇನು ಅರ್ಧ ದಾರಿಯಲ್ಲೇ ಖರ್ಚಾಗಿತ್ತು, ಜಾಡಿ ಮಾತ್ರ ಬಂತು. ಅವನು ಅದಕ್ಕೂ ಒಂದು ಕಥೆ ಹೇಳಿದ.

ಅಚ್ಚಿನ ಮನೆಯಲ್ಲಿ ನನ್ನ ಕೆಲಸ ನಡೆದಿದೆ. ಮೊಳೆ ಜೋಡಿಸುವವರು ನಾವು ನಾಲ್ವರು. ಬೆಳಿಗ್ಗೆಯಿಂದ ಸಂಜೆವರೆಗೆ ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುತ್ತೇವೆ. ಈಗ ಬರುವುದೆಲ್ಲ ಹೊಸ ಪುಸ್ತಕಗಳೇ. ಇಷ್ಟು ವರ್ಷ ನಮ್ಮನ್ನು ಕತ್ತಲಲ್ಲಿ ಇಟ್ಟಿದ್ದರೆಂದು ಓದಿದಷ್ಟೂ ಗೊತ್ತಾಗುತ್ತಿದೆ.

ಅಮ್ಮಾ, ದೀಪ ಆರಿದ್ದಕ್ಕೆ ದುಃಖಪಡಬೇಡ. ಶುದ್ಧಿಯ ಬೆಂಕಿ ಎಂಬುದೇ ಇಲ್ಲ. ದೇವರ ವಾಕ್ಯದಲ್ಲಿ ಅದರ ಸುಳಿವೇ ಇಲ್ಲ, ನಾನೇ ಹುಡುಕಿದ್ದೇನೆ. ಎಣ್ಣೆ ಹಚ್ಚಿದರೂ ಹಚ್ಚದಿದ್ದರೂ ವಿಶ್ವಾಸವಿದ್ದವನು ನೇರವಾಗಿ ದೇವರ ಬಳಿಗೆ ಹೋಗುತ್ತಾನೆ. ಅಪ್ಪ ಎಲ್ಲೂ ಉರಿಯುತ್ತಿಲ್ಲ. ಅವರಿಗೆ ಯಾರೂ ಏನೂ ಮಾಡಬೇಕಾಗಿಲ್ಲ. ಈ ಮಾತು ನಿನ್ನ ಮನಸ್ಸಿಗೆ ಇಳಿದರೆ ನೀನು ನಿಶ್ಚಿಂತೆಯಿಂದ ಮಲಗಬಹುದು. ನಾನು ಈಗ ಹಾಗೆಯೇ ಮಲಗುತ್ತೇನೆ.

ಮೇಣವನ್ನು ಟಾಂಟನ್ ಸಂತೆಯಲ್ಲಿ ಮಾರಿ ಒಳ್ಳೆಯ ಬೂಟು ತೆಗೆದುಕೋ.

ನಿನ್ನ ಮಗ
ಆಂಬ್ರೋಸ್


ವಿದಿಮೂರ್
ಸತ್ತವರ ದಿನ ಕಳೆದ ಮೂರನೆಯ ದಿನ, 1548

ಮಗ ಆಂಬ್ರೋಸನಿಗೆ,

ಬೂಟು ತೆಗೆದುಕೊಳ್ಳಲಿಲ್ಲ. ಇರುವುದಕ್ಕೇ ಅಟ್ಟೆ ಹಾಕಿಸಿದೆ.

ಈ ವರ್ಷ ಹೆಸರು ಓದಲಿಲ್ಲ. ಓದಲು ಸುರುಳಿಯೇ ಇಲ್ಲ. ಬೇಸಿಗೆಯಲ್ಲಿ ಮತ್ತೆ ಬಂದರು. ಸತ್ತವರಿಗಾಗಿ ಪೂಜೆ ಮಾಡುವುದೇ ತಪ್ಪೆಂದು ಡಿಗರಿ ಪಾದ್ರಿಗಳ ಕೆಲಸ ತೆಗೆದರು, ಅವರ ಮನೆಗೆ ಬೀಗ ಹಾಕಿದರು. ಅವರಿಗೆ ಇದ್ದದ್ದು ಆ ಒಂದೇ ಕೆಲಸ. ಈಗ ನಮ್ಮ ಹಿತ್ತಲಿನ ಬಿಯರು ಕಾಯಿಸುವ ಕೋಣೆಯಲ್ಲಿ ಇದ್ದಾರೆ. ಜೇನಿಗೆ ಹೆದರುತ್ತಾರೆ, ಪಾದ್ರಿಯಾಗಿ ನಲವತ್ತು ವರ್ಷವಾದರೂ. ಆಚೆ ಬರುವಾಗ ಮುಖಕ್ಕೆ ಟವೆಲ್ಲು ಸುತ್ತಿಕೊಳ್ಳುತ್ತಾರೆ.

ಸುರುಳಿಯ ತೊಗಲು ಗಟ್ಟಿ ತೊಗಲು, ಸುಡಲು ಮನಸ್ಸಾಗದೆ ರಾಲ್ಫ್ ಅದನ್ನು ಹರಿದು ಮನೆಗೆ ಒಯ್ದ. ಅವನ ಹೆಂಡತಿ ಉಪ್ಪಿನಲ್ಲಿಟ್ಟ ಈಲ್ ಮೀನಿನ ಜಾಡಿಯ ಬಾಯಿಗೆ ಅದರ ತುಂಡು ಕಟ್ಟಿದ್ದಾಳೆ. ಮೊನ್ನೆ ಹೋದಾಗ ಕಂಡಿತು. ಕಪ್ಪು ಅಕ್ಷರ ಸಾಲಾಗಿ ಇವೆ. ಯಾರ ಹೆಸರೋ ಗೊತ್ತಿಲ್ಲ, ನನಗೆ ಓದಲು ಬರುವುದಿಲ್ಲ. ಅವಳಿಗೂ ಬರುವುದಿಲ್ಲ. ಇಬ್ಬರೂ ಜಾಡಿ ನೋಡುತ್ತ ನಿಂತೆವು.

ಈಗ ಕೇಳು. ನಾನೊಂದು ಉಪಾಯ ಮಾಡಿದ್ದೇನೆ. ಚರ್ಚಿನಲ್ಲಿ ಹೆಸರು ಓದಕೂಡದು, ಸರಿ. ಆದರೆ ಮಗ ಅಮ್ಮನಿಗೆ ಬರೆದ ಕಾಗದ ಓದಕೂಡದು ಎಂದು ಯಾವ ಸೋದರಮಾವನೂ ಕಾನೂನು ಮಾಡಿಲ್ಲ. ಓದು ಬಾರದ ನನಗೆ ಪಾದ್ರಿಗಳೇ ಓದಿ ಹೇಳಬೇಕು. ನೀನು ನಿನ್ನ ಕಾಗದದ ಕೊನೆಗೆ, ಎಲ್ಲ ಬರೆದಾದ ಮೇಲೆ, ಆ ಒಂದು ಸಾಲು ಬರೆ. "ಬಾಲ್ಡ್ವಿನ್ ಹೆಂಬ್ರೋನ ಆತ್ಮಕ್ಕಾಗಿ ಬೇಡಿಕೊಳ್ಳಿ." ಅವರು ಗಟ್ಟಿಯಾಗಿ ಓದುತ್ತಾರೆ, ನಾನು ಕೇಳುತ್ತೇನೆ. ಮುಗಿಯಿತು.

"ನಾನೇ ದಿನಾ ಹೇಳ್ತೀನಲ್ಲ ತಾಯಿ, ಅದು ಸಾಲ್ದಾ?" ಎಂದು ಪಾದ್ರಿಗಳು ಕೇಳುತ್ತಿದ್ದಾರೆ. ಸಾಲದು. ಸುರುಳಿಯಲ್ಲಿ ಹೆಸರು ಬರೆಸಿದವಳು ನಾನು. ಮಗ ಬೇಡಿಕೊಂಡದ್ದು ಒಮ್ಮೆಯೂ ಇಲ್ಲ. ಹೆತ್ತ ಮಗ ಕೇಳಿಕೊಂಡರೆ ಅದರ ತೂಕವೇ ಬೇರೆ. ನೀನು ನಂಬಬೇಕಾಗಿಲ್ಲ, ಬರೆದರೆ ಸಾಕು. ನಂಬುವುದನ್ನು ನಾನು ನೋಡಿಕೊಳ್ಳುತ್ತೇನೆ.

ಅಮ್ಮ

(ಆಂಬ್ರೋಸ್, ಇದು ನನ್ನ ಮಾತು, ನಿನ್ನ ಅಮ್ಮ ಒಲೆಗೆ ಪುಳ್ಳೆ ತರಲು ಹೋಗಿದ್ದಾಳೆ. ನಿನ್ನ ಅಪ್ಪ ಹೋದ ದಿನ, ಈಸ್ಟರ್ ಆದ ಮೇಲಿನ ಆ ಹಾಕ್ ಸೋಮವಾರ, ನಾನು ಸಂಜೆ ನದಿ ದಾಟಿ ಬಂದೆ. ದೋಣಿ ಮಧ್ಯಾಹ್ನದಿಂದ ನಿಮ್ಮ ದಡದಲ್ಲೇ ಕಟ್ಟಿತ್ತು ಎಂದು ಅಂಬಿಗ ಅವತ್ತೇ ಹೇಳಿದ. ಒಂಬತ್ತು ವರ್ಷ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಬೆಂಕಿಯೇ ಇಲ್ಲ ಎಂಬ ಮಾತು ನಿನಗೆ ಎಷ್ಟು ಬೇಕಾಗಿತ್ತೆಂದು ನನಗೆ ಅರ್ಥವಾಗುತ್ತದೆ ಮಗು. ಆದರೂ ಒಂದು ಸಾಲು ಬರೆ. ಡಿಗರಿ)


ಲಂಡನ್
ಫೆಬ್ರವರಿ 20, 1549

ಅಮ್ಮನಿಗೆ,

ಮದುವೆಯಾದೆ. ಹುಡುಗಿ ಬಾರ್ಬರಾ, ಕಾಗದ ಮಾರುವವನ ಮಗಳು, ನಗು ಜಾಸ್ತಿ. ಮುಂಚೆ ತಿಳಿಸದ್ದಕ್ಕೆ ಬೈಯಬೇಡ. ಅವಳು ನಿನಗೆಂದು ಹೆಣೆದ ಕೈಗವುಸು ಇದರ ಜೊತೆ ಇದೆ. ಒಂದು ಕೈಯದು ದೊಡ್ಡದಾಗಿದೆ, ಅದು ಅವಳಿಗೂ ಗೊತ್ತು.

ನೀನು ಕೇಳಿದ್ದು ಆಗುವುದಿಲ್ಲ ಅಮ್ಮ. ದಾರಿಯಲ್ಲಿ ಕಾಗದ ಒಡೆದು ನೋಡುತ್ತಾರೆ. ನನ್ನ ಕೆಲಸ ಯಾವ ಮನೆಯಲ್ಲಿ ಎಂದು ನಿನಗೆ ಗೊತ್ತು. ಇಲ್ಲಿ ಹೊಸ ಪ್ರಾರ್ಥನೆಯ ಪುಸ್ತಕ ಅಚ್ಚಾಗುತ್ತಿದೆ, ಇನ್ನು ಮೇಲೆ ಇಡೀ ದೇಶಕ್ಕೆ ಅದೊಂದೇ. ಅದರ ಮೊಳೆ ಜೋಡಿಸುವ ಕೈ ಅಂಥ ಸಾಲು ಬರೆದರೆ ಹೇಗೆ? ನನ್ನ ಮೇಲೆ ಕೋಪ ಮಾಡಿಕೊಳ್ಳಬೇಡ. ನೆಗಡಿಗೆ ಈರುಳ್ಳಿ ಕಷಾಯ ಬಿಡಬೇಡ.

ಪಾದ್ರಿಗಳೇ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡಿ.

ನೀವು ಹೇಳಿದ್ದು ನಿಜ. ದೋಣಿ ಈ ಕಡೆಯೇ ಇತ್ತು. ದಯವಿಟ್ಟು ಅವಳಿಗೆ ಹೇಳಬೇಡಿ. ಇನ್ನು ಆ ದಿನದ ಮಾತು ನನಗೆ ಬರೆಯಲೂ ಬೇಡಿ.

ಆಂಬ್ರೋಸ್


ವಿದಿಮೂರ್
ಮಾತೆ ಮರಿಯಳ ಹಬ್ಬದ ಹಿಂದಿನ ದಿನ, ಮಾರ್ಚ್ 1549

ಮಗ ಆಂಬ್ರೋಸನಿಗೆ, ಸೊಸೆ ಬಾರ್ಬರಾಳಿಗೆ,

ದೊಡ್ಡ ಗವುಸನ್ನು ಬಲಗೈಗೆ ಹಾಕಿಕೊಳ್ಳುತ್ತೇನೆ, ಜೇನು ಕಚ್ಚಿ ಊದಿದಾಗ ಸರಿಯಾಗುತ್ತದೆ ಎಂದು ಅವಳಿಗೆ ಹೇಳು.

ಕಳ್ಳ, ನೀನು ಬರೆದೆ! ಆಗುವುದಿಲ್ಲ ಎಂದು ಮೇಲೆ ಬರೆದು ಕೆಳಗೆ ಬರೆದೆ. ನನಗೆ ಗೊತ್ತಾಗುವುದಿಲ್ಲ ಎಂದುಕೊಂಡಿರಾ ಇಬ್ಬರೂ? ಪಾದ್ರಿಗಳು ಈರುಳ್ಳಿ ಕಷಾಯದ ತನಕ ಓದಿ ನಿಲ್ಲಿಸಿದರು. "ಅಷ್ಟೇನಾ?" ಎಂದೆ. "ಅಷ್ಟೇ" ಎಂದರು. ಆದರೆ ಕಾಗದದಲ್ಲಿ ಇನ್ನೂ ಮೂರು ನಾಲ್ಕು ಸಾಲು ಮಸಿ ಇತ್ತು. ಅಕ್ಷರ ಬಾರದಿರಬಹುದು, ಮಸಿ ಯಾವುದು ಬರಿ ಕಾಗದ ಯಾವುದು ಎಂದು ಕಾಣುವುದಿಲ್ಲವೇ? ಅವರು ಕಾಗದವನ್ನು ಬೇಗ ಮಡಚಿಬಿಟ್ಟರು. ಹೆದರಿದ್ದಾರೆ, ಪಾಪ. ಕೆಲಸ ಹೋಯಿತು, ಮನೆ ಹೋಯಿತು, ಇನ್ನು ಕತ್ತೂ ಹೋಗುತ್ತದೆಂದು ಭಯ. ನಾನು ಬಲವಂತ ಮಾಡಲಿಲ್ಲ. ಮಗ ಬರೆದಿದ್ದಾನಲ್ಲ. ಇವತ್ತಲ್ಲ ನಾಳೆ ಅವರಿಗೆ ಧೈರ್ಯ ಬರುತ್ತದೆ, ಓದುತ್ತಾರೆ.

ಒಂಬತ್ತು ವರ್ಷವಾದ ಮೇಲೆ ನಿನ್ನೆ ನಾನು ನಿನ್ನ ಅಪ್ಪನ ಕುರ್ಚಿಯಲ್ಲಿ ಕೂತು ಊಟ ಮಾಡಿದೆ. ನಿಮ್ಮಿಬ್ಬರ ಹೊಟ್ಟೆ ತಣ್ಣಗಿರಲಿ.

ಅಮ್ಮ

(ಅವಳು ಹೇಳಿದ್ದನ್ನೆಲ್ಲ ಹಾಗೆಯೇ ಬರೆದಿದ್ದೇನೆ. ಅವಳಿಗೆ ಸತ್ಯ ಹೇಳಲು ಬಾಯಿ ಬರಲಿಲ್ಲ. ಆ ಕಾಗದವನ್ನು ಅವಳು ಹಿಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಾಳೆ, ದಿನಕ್ಕೊಮ್ಮೆ ತಂದು ನನ್ನ ಮುಂದೆ ಹಿಡಿಯುತ್ತಾಳೆ, "ಈಗ್ಲಾದ್ರೂ ಓದ್ತೀರಾ?" ಎನ್ನುತ್ತಾಳೆ. ಇಲ್ಲದ ಸಾಲನ್ನು ಇದೆ ಎಂದು ಓದಿಬಿಡೋಣ ಎಂದು ಎಷ್ಟೋ ಸಲ ಅನ್ನಿಸಿದೆ. ಸತ್ತವರ ವಿಷಯದಲ್ಲಿ ಸುಳ್ಳು ಓದಲು ನನ್ನ ಕೈಲಿ ಆಗುವುದಿಲ್ಲ. ಬೇಗ ಬರೆ. ಡಿಗರಿ)


ಲಂಡನ್
ಮೇ 2, 1549

ಡಿಗರಿ ಪಾದ್ರಿಗಳಿಗೆ,

ಇದು ನಿಮಗೊಬ್ಬರಿಗೇ. ಅಮ್ಮ ಮನೆಯಲ್ಲಿಲ್ಲದಾಗ ಓದಿ ಸುಟ್ಟುಬಿಡಿ.

ನನ್ನನ್ನು ಕಲ್ಲು ಎಂದುಕೊಳ್ಳಬೇಡಿ. ನಾಲ್ಕು ಸಲ ಬರೆಯಲು ಕೂತೆ, ಆಗಲಿಲ್ಲ. ಆ ಸಾಲು ಬರೆದರೆ ಬೆಂಕಿ ಇದೆ ಎಂದು ನಾನು ಒಪ್ಪಿದ ಹಾಗೆ. ಬೆಂಕಿ ಇದ್ದರೆ ಅಪ್ಪನನ್ನು ಅದರೊಳಕ್ಕೆ ತಳ್ಳಿದವನು ನಾನು. ನಿಮ್ಮನ್ನು ಕರೆತರುವುದಕ್ಕಿಂತ ಹಗುರವಾದ ಕೆಲಸ ಯಾವ ಮಗನಿಗೂ ಯಾವ ಅಪ್ಪನೂ ಹೇಳಿರಲಿಕ್ಕಿಲ್ಲ. ಹತ್ತು ವರ್ಷದಿಂದ ಆ ದಿನದ ಸಂಜೆಯ ಹತ್ತಿರ ಹೋಗದ ಹಾಗೆ ಬದುಕು ಕಟ್ಟಿಕೊಂಡಿದ್ದೇನೆ. ಅಮ್ಮನ ಒಂದು ಸಾಲಿಗಾಗಿ ಅದನ್ನು ಕೆಡವಲು ನನ್ನಿಂದಾಗದು.

ಇನ್ನು ಸ್ವಲ್ಪ ಕಾಲ ಬರೆಯುವುದಿಲ್ಲ. ಕೆಲಸ ಬಹಳ ಎಂದು ಹೇಳಿ.

ಆಂಬ್ರೋಸ್


ಲಂಡನ್
ಮಾರ್ಚ್ 14, 1553

ಅಮ್ಮಾ,

ನಾಲ್ಕು ವರ್ಷವಾಯಿತು. ನಿಮ್ಮ ಕಡೆಯಿಂದಲೂ ಕಾಗದವಿಲ್ಲ. ಪಾದ್ರಿಗಳಿಗೆ ನನ್ನ ಮೇಲೆ ಸಿಟ್ಟು ಬಂದಿರಬೇಕು, ಬರಬೇಕಾದದ್ದೇ. ಪಾದ್ರಿಗಳೇ, ಈ ಸಲ ಎಲ್ಲವನ್ನೂ ಗಟ್ಟಿಯಾಗಿ ಓದಿ. ಎಲ್ಲೂ ನಿಲ್ಲಿಸಬೇಡಿ. ಕೊನೆಯ ಸಾಲಿನ ತನಕ ಓದಿ.

ನಮಗೊಂದು ಮಗಳು ಹುಟ್ಟಿದ್ದಳು ಅಮ್ಮ. ನಿನ್ನದೇ ಹೆಸರು ಇಟ್ಟಿದ್ದೆವು. ಎರಡು ವರ್ಷ ತುಂಬಿತ್ತು. ಅಚ್ಚಿನ ಮಸಿ ಮೆತ್ತಿದ ನನ್ನ ಬೆರಳು ಹಿಡಿದು ಮೂಗಿಗೆ ಒತ್ತಿಕೊಂಡು, "ಅಪ್ಪ ಕರಿ, ಪುಟ್ಟಿ ಕರಿ" ಎನ್ನುತ್ತಿದ್ದಳು. ಜನವರಿಯಲ್ಲಿ ಗಂಟಲು ಕಟ್ಟಿ ಮೂರೇ ದಿನದಲ್ಲಿ ಹೋದಳು.

ಮಣ್ಣು ಮಾಡುವಾಗ ಹೊಸ ಪುಸ್ತಕ ಓದಿದರು. ಕಳೆದ ವರ್ಷ ತಿದ್ದಿ ಅಚ್ಚು ಹಾಕಿದ್ದು. ಆ ಪುಟದ ಮೊಳೆ ಜೋಡಿಸಿದವನು ನಾನು. ಅದರ ಹಿಂದಿನ ಪುಸ್ತಕದಲ್ಲಿ ಪಾದ್ರಿ ಹೆಣದ ಕಡೆಗೇ ತಿರುಗಿ, ನಿನ್ನ ಆತ್ಮವನ್ನು ದೇವರಿಗೆ ಒಪ್ಪಿಸುತ್ತೇನೆ ಎಂದು ಅದಕ್ಕೇ ಹೇಳಬೇಕಿತ್ತು. ಹೊಸದರಲ್ಲಿ ಅದಿಲ್ಲ. ಸುತ್ತ ನಿಂತವರಿಗೆ ಮಾತ್ರ ಮಾತು. ಹಳೆಯ ಸಾಲುಗಳನ್ನು ಚಿಮಟದಲ್ಲಿ ಹೆಕ್ಕಿ ಮೊಳೆಯ ಪೆಟ್ಟಿಗೆಗೆ ಹಾಕಿದಾಗ ನನಗೆ ಏನೂ ಅನ್ನಿಸಿರಲಿಲ್ಲ. ಪುಟ ಅಚ್ಚುಕಟ್ಟಾಯಿತು ಎಂದು ಖುಷಿಯೇ ಆಗಿತ್ತು. ಗುಂಡಿಯ ಪಕ್ಕ ನಿಂತು ಕಾದೆ. ಪಾದ್ರಿ ನನ್ನ ಕಡೆ ನೋಡಿ ಓದಿದ, ಬಾರ್ಬರಾ ಕಡೆ ನೋಡಿ ಓದಿದ, ಪುಸ್ತಕ ಮುಚ್ಚಿದ. ನನ್ನ ಮಗಳ ಕಡೆ ಒಂದು ಸಲವೂ ನೋಡಲಿಲ್ಲ. ಅವಳಿಗೆ ಒಂದು ಮಾತೂ ಹೇಳಲಿಲ್ಲ. ಆಗ ಬಾರ್ಬರಾ ಹುಚ್ಚಿಯ ಹಾಗೆ, "ಪುಟ್ಟೀ, ನಾವು ಇಲ್ಲೇ ಇದೀವಿ ಕಣೇ!" ಎಂದು ಕೂಗಿದಳು. ಎಲ್ಲರೂ ಬೇರೆ ಕಡೆ ನೋಡಿದರು. ನಾನೂ ನೋಡಿದೆ ಅಮ್ಮ. ಅದೇ ನನ್ನನ್ನು ಕೊರೆಯುತ್ತಿದೆ.

ಈಗ ನಿನಗೆ ಹೇಳಬೇಕಾದದ್ದು. ಅಪ್ಪ ಸತ್ತ ದಿನ ದೋಣಿ ನಮ್ಮ ದಡದಲ್ಲೇ ಇತ್ತು. ಅವತ್ತು ಹಾಕ್ ಸೋಮವಾರ. ದೋಣಿಯ ಕಟ್ಟೆಯ ಹತ್ತಿರ ಹೆಂಗಸರು ದಾರಿಗೆ ಅಡ್ಡವಾಗಿ ಹಗ್ಗ ಹಿಡಿದಿದ್ದರು, ಗಂಡಸರನ್ನು ಹಿಡಿದು ಕಟ್ಟಿಹಾಕಿ ಚರ್ಚಿಗೆ ಕಾಸು ಕೀಳುವುದು ನಿನಗೆ ಗೊತ್ತೇ ಇದೆ.

"ಸಿಕ್ಬಿದ್ದ ಕಣ್ರೇ, ಬಿಡ್ಬೇಡಿ!" ಎಂದು ಕೂಗಿದರು. "ಎಲ್ಲಿಗೋ ಓಡ್ತಿದೀಯ, ಹೆಂಬ್ರೋ ಮಗನೇ? ಕಾಸು ಬಿಚ್ಚು!"

ನಮ್ಮಪ್ಪ ಸಾಯ್ತಿದಾನೆ ಎಂದು ಒಂದು ಮಾತು ಹೇಳಿದ್ದರೆ ಆ ಕ್ಷಣ ಹಗ್ಗ ಬಿಚ್ಚುತ್ತಿದ್ದರು. ನಾನು ಹೇಳಲಿಲ್ಲ. ಆ ಚಳಿಗಾಲದಲ್ಲಿ ಅಪ್ಪ ಮೂರು ಸಲ ಸಾಯುತ್ತೇನೆಂದು ಪಾದ್ರಿಗಳನ್ನು ಕರೆಸಿದ್ದ, ಮೂರು ಸಲವೂ ಮರುದಿನ ಎದ್ದು ಈಲ್ ಮೀನು ಕೇಳಿದ್ದ. ಇದೂ ಹಾಗೆಯೇ ಎಂದುಕೊಂಡೆ. ಹಗ್ಗದ ತುದಿ ಹಿಡಿದವಳು ಗಿರಣಿಯವರ ಸಿಸಿಲಿ. ನನಗೆ ಹತ್ತೊಂಬತ್ತು ವರ್ಷ. ಜೇಬಿನಲ್ಲಿ ಕಾಸಿತ್ತು, ಇಲ್ಲ ಎಂದೆ. ಬಿಡಿಸಿಕೊಳ್ಳಲು ಮನಸ್ಸಿರಲಿಲ್ಲ. ಬಿಯರು ಕುಡಿಸಿದರು, ಕುಣಿಸಿದರು. ಹೊತ್ತು ಇಳಿದಾಗ ನೆನಪಾಯಿತು. ಅಷ್ಟರಲ್ಲಿ ಪಾದ್ರಿಗಳೇ ದಾಟಿ ಬರುತ್ತಿದ್ದರು, ನೀನು ಬಾಗಿಲಲ್ಲಿ ನಿಂತಿದ್ದೆ. ದೋಣಿ ಆಚೆ ಇತ್ತು ಎಂಬ ಮಾತು ನನ್ನ ಬಾಯಿಂದ ತಾನಾಗಿಯೇ ಬಂತು.

ಬೆಂಕಿ ಇದೆಯೋ ಇಲ್ಲವೋ ನನಗೆ ಈಗ ತಿಳಿಯದು ಅಮ್ಮ. ಇಲ್ಲ ಎಂದು ಸಾವಿರ ಪುಟ ಜೋಡಿಸಿದ್ದೇನೆ. ಆದರೆ ಹೆಸರು ಹಿಡಿದು ಕರೆಯದೆ ಮಣ್ಣು ಎಳೆದರೆ ಹೇಗಿರುತ್ತದೆಂದು ಗೊತ್ತಾಯಿತು. ನೀನು ಕೇಳಿದ್ದು ಅದೊಂದೇ ಆಗಿತ್ತು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಸಾಲು ಮಾತ್ರ ಬರೆಯುತ್ತೇನೆ. ಎದೆಯ ಮೇಲೆ ಕೈ ಇಟ್ಟುಕೊಂಡು ಕೇಳು.

ನಿನ್ನ ಮಗ
ಆಂಬ್ರೋಸ್

ಬಾಲ್ಡ್ವಿನ್ ಹೆಂಬ್ರೋನ ಆತ್ಮಕ್ಕಾಗಿ ಬೇಡಿಕೊಳ್ಳಿ. ಮಗು ಟ್ಯಾಮ್ಸಿನ್ ಹೆಂಬ್ರೋಳ ಆತ್ಮಕ್ಕಾಗಿ ಬೇಡಿಕೊಳ್ಳಿ.


ವಿದಿಮೂರ್
ಜೂನ್ 19, 1553

ಸನ್ಮಾನ್ಯ ಆಂಬ್ರೋಸ್ ಹೆಂಬ್ರೋ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ. ಒಂದೂವರೆ ವರ್ಷದಿಂದ ಈ ಊರಿನ ಪಾದ್ರಿ ನಾನು. ಡಿಗರಿ ಎಂಬ ವೃದ್ಧರು 1551ರ ಬೇಸಿಗೆಯಲ್ಲಿ ಬೆವರುಜ್ವರ ಬಂದು ಒಂದೇ ಹಗಲಿನಲ್ಲಿ ತೀರಿಕೊಂಡರೆಂದು ಕೇಳಿದ್ದೇನೆ. ಆಮೇಲೆ ನಿಮ್ಮ ತಾಯಿ ಯಾರ ಕೈಯಲ್ಲೂ ಕಾಗದ ಬರೆಸಿದ್ದಿಲ್ಲ. ನಾನೇ ಬರೆದುಕೊಡುತ್ತೇನೆಂದರೂ "ನಂಗೆ ಬರ್ಸೋದು ಏನೂ ಇಲ್ಲ, ಓದ್ಸೋದು ಒಂದಿದೆ" ಎನ್ನುತ್ತಿದ್ದರು. ಏನೆಂದು ಹೇಳುತ್ತಿರಲಿಲ್ಲ.

ನಿಮ್ಮ ಕಾಗದ ಏಪ್ರಿಲ್ ಕೊನೆಗೆ ತಲುಪಿತು. ಲಂಡನ್ನಿನಿಂದ ಬಂದದ್ದನ್ನು ನಾನು ಮೊದಲು ಓದಿಕೊಳ್ಳುವುದು ಇಲ್ಲಿನ ಪದ್ಧತಿ, ತಪ್ಪು ತಿಳಿಯಬೇಡಿ. ಓದಿ ನನ್ನ ಕಣ್ಣು ಒದ್ದೆಯಾಯಿತು. ಮಗಳನ್ನು ಕಳೆದುಕೊಂಡ ದುಃಖದಲ್ಲಿ ಮನುಷ್ಯ ಏನು ಬರೆಯುತ್ತಾನೆಂದು ನನಗೆ ಗೊತ್ತು, ನಾನೂ ಇಬ್ಬರನ್ನು ಮಣ್ಣು ಮಾಡಿದವನು. ಕೊನೆಯ ಸಾಲು ನಿಮ್ಮದಲ್ಲ, ನಿಮ್ಮ ದುಃಖದ್ದು. ಅದು ಬೇರೆಯವರ ಕಣ್ಣಿಗೆ ಬಿದ್ದಿದ್ದರೆ ನಿಮ್ಮ ಕೆಲಸಕ್ಕೇ ಕುತ್ತು. ಆದ್ದರಿಂದ ಕಾಗದದ ಕೆಳಗಿನ ಅಂಚನ್ನು ಕತ್ತರಿಸಿ ಒಲೆಗೆ ಹಾಕಿದೆ. ಅದು ನಿಮಗೆ ನಾನು ಮಾಡಿದ ಉಪಕಾರ ಎಂದು ಒಂದು ದಿನ ಒಪ್ಪುತ್ತೀರಿ.

ಉಳಿದದ್ದನ್ನೆಲ್ಲ ನೀವು ಕೇಳಿಕೊಂಡಂತೆ ಗಟ್ಟಿಯಾಗಿ ಓದಿದೆ. ಕೊನೆಯ ಸಾಲಿನ ಪ್ರಸ್ತಾಪ ಇದ್ದ ಎರಡು ಕಡೆ ಮಾತ್ರ ಬಿಟ್ಟೆ. ಸತ್ಯವನ್ನು ಒಪ್ಪಿಕೊಂಡ ಭಾಗವನ್ನು ಒಂದಕ್ಷರ ಬಿಡದೆ ಓದಿದೆ, ಅದು ನಿಮಗೆ ಭೂಷಣ.

ಅವರು ಶುಭ್ರವಾದ ಟೋಪಿ ಹಾಕಿಕೊಂಡು ಕೂತಿದ್ದರು. ಮೊಮ್ಮಗಳ ಸುದ್ದಿ ಬಂದಾಗ ಅಳಲಿಲ್ಲ, ತಮ್ಮದೇ ಹೆಸರನ್ನು ಎರಡು ಸಲ ಹೇಳಿಕೊಂಡರು. ಹಗ್ಗದ ಮಾತು ಬಂದಾಗ ಕೈ ಎತ್ತಿ ನನ್ನನ್ನು ನಿಲ್ಲಿಸಿದರು.

"ಆ ವರ್ಷದ ಹಗ್ಗ ನಾನೇ ಹೊಸ್ದು ಕೊಟ್ಟಿದ್ದೆ," ಎಂದರು. ಟೋಪಿ ಸರಿಮಾಡಿಕೊಂಡು, "ಮುಂದೆ ಓದಿ," ಎಂದರು.

ನಾನು ಮುಗಿಸಿದೆ. ಆಗ ಅವರು ಎದೆಯ ಮೇಲೆ ಕೈ ಇಟ್ಟುಕೊಂಡರು. ನೋವು ಬಂತೇನೋ ಎಂದು ನೀರು ತರಲು ಎದ್ದೆ.

"ನೀರು ಬೇಡ. ಓದಿ."

"ಆಯ್ತಲ್ಲಮ್ಮಾ. ಅಷ್ಟೇ ಇರೋದು."

"ಕೊನೇಲಿ ಒಂದು ಸಾಲು ಇರ್ಬೇಕಲ್ಲ?"

"ಇಲ್ಲಮ್ಮಾ."

"ಹಿಂದ್ಗಡೆ ತಿರ್ಗಿಸಿ ನೋಡಿ. ಡಿಗರಿ ಪಾದ್ರಿಗಳು ಹೆದರ್ತಿದ್ರು. ನಿಮಗ್ಯಾಕೆ ಹೆದರಿಕೆ, ನೀವು ದೊರೆ ಕಡೆಯೋರು."

ಹಿಟ್ಟಿನ ಪೆಟ್ಟಿಗೆಯಿಂದ ಬಟ್ಟೆ ಸುತ್ತಿದ ಇನ್ನೊಂದು ಹಳೆಯ ಕಾಗದ ತೆಗೆದು ನನ್ನ ಮುಂದೆ ಹಿಡಿದರು. "ಹಂಗಾದ್ರೆ ಇದ್ರದ್ದು ಓದಿ, ಈರುಳ್ಳಿಯಿಂದ ಈಚೆಗೆ." ನಾನು ಇದ್ದದ್ದನ್ನು ಇದ್ದ ಹಾಗೆ ಓದಿದೆ. ದೋಣಿ ಈ ಕಡೆಯೇ ಇತ್ತು, ಅವಳಿಗೆ ಹೇಳಬೇಡಿ, ಎಂದಷ್ಟೇ ಇತ್ತು.

ಅವರು ಎರಡನ್ನೂ ಈಸಿಕೊಂಡು ತೊಡೆಯ ಮೇಲಿಟ್ಟುಕೊಂಡರು. ಹೊಸದರ ಕೆಳಗಿನ ಅಂಚನ್ನು ಹೆಬ್ಬೆರಳಿನಿಂದ ಸವರಿದರು. "ಇಲ್ಲಿ ಕತ್ತರಿಸಿದ್ದಾ?"

"ಲಂಡನ್ನಲ್ಲಿ ಕಾಗದ ತುಂಬ ತುಟ್ಟಿ ಅಮ್ಮಾ. ನಿಮ್ಮ ಮಗ ಉಳಿಸಿದಾರೆ," ಎಂದೆ. ಅವರ ಮನಸ್ಸಿಗೆ ನೋವಾಗಬಾರದೆಂದು ಹಾಗೆ ಹೇಳಿದ್ದು.

"ಹೌದೌದು," ಎಂದರು. "ಅವ್ನು ಮೊದ್ಲಿಂದ ಹಂಗೇ."

ಉತ್ತರ ಬರೆಯಲೇ ಎಂದು ಕೇಳಿದೆ, ತಲೆಯಾಡಿಸಿದರು. ಅದಾದ ಮೇಲೆ ಜೇನುಗೂಡುಗಳ ಕಡೆ ಹೋಗುವುದನ್ನು ಬಿಟ್ಟರು. ಮೇ ತಿಂಗಳಲ್ಲಿ ಎರಡು ಗೂಡಿನ ಹುಳುಗಳು ಎದ್ದು ಹೋದವು, ಹಿಡಿಯಲು ಯಾರೂ ಇರಲಿಲ್ಲ. ಈ ತಿಂಗಳು ಹನ್ನೊಂದರಂದು ಬೆಳಿಗ್ಗೆ ತೀರಿಕೊಂಡರು. ನಾನು ಪಕ್ಕದಲ್ಲೇ ಇದ್ದೆ. ಎಣ್ಣೆಯನ್ನಾಗಲಿ ದೀಪವನ್ನಾಗಲಿ ಕೇಳಲಿಲ್ಲ, ಯಾವ ಸಂತರ ಹೆಸರನ್ನೂ ಎತ್ತಲಿಲ್ಲ, ಒಂದು ಪ್ರಾರ್ಥನೆಯನ್ನೂ ಹೇಳಲಿಲ್ಲ. ಹಳೆಯ ಮೂಢನಂಬಿಕೆ ಅವರನ್ನು ಪೂರ್ತಿ ಬಿಟ್ಟುಹೋಗಿತ್ತೆಂದು ನಿಮಗೆ ಸಂತೋಷದಿಂದ ತಿಳಿಸುತ್ತೇನೆ.

ದೊರೆಗೆ ಮೈ ಸರಿಯಿಲ್ಲವೆಂದು ಇಲ್ಲಿಯೂ ಸುದ್ದಿಯಿದೆ. ದೇವರು ಅವರಿಗೆ ದೀರ್ಘಾಯುಷ್ಯ ಕೊಡಲಿ.

ಮಣ್ಣಿನ ವಿಧಿಯನ್ನು ನಾನೇ ನಡೆಸಿದೆ. ಜನ ಕಡಿಮೆ, ಉಸ್ತುವಾರಿ ಕೋಟ್ ಮತ್ತು ಅವನ ಹೆಂಡತಿ ಇದ್ದರು. ಅವರಿಬ್ಬರ ಕಡೆ ತಿರುಗಿ ಓದಿದೆ. ನಮ್ಮ ಚರ್ಚಿನ ಪುಸ್ತಕ ನಿಮ್ಮ ಅಚ್ಚಿನ ಮನೆಯದೇ, ಮೊದಲ ಹಾಳೆಯಲ್ಲಿ ಹೆಸರಿದೆ. ಆ ಪುಟವನ್ನು ಮತ್ತೊಮ್ಮೆ ತೆರೆದು ನೋಡಿದೆ. ಎಲ್ಲೂ ಒಂದಕ್ಷರ ತಪ್ಪಿಲ್ಲ, ಬಹಳ ಅಚ್ಚುಕಟ್ಟಾದ ಕೆಲಸ.

ನಿಮ್ಮ ಹಿತೈಷಿ
ಮೈಲ್ಸ್ ಆಲ್ಡ್ರಿಚ್